ಆ ಡಬ್ಬಿ ಯಾರದು?

ಭಾನುವಾರ ಬೆಳಗ್ಗೆ ಕರೆಂಟು ಹೋಗಿತ್ತು. ಫ್ಯಾನು ಒರೆಸುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ಇನ್‌ಸ್ಪೆಕ್ಟರು ಸ್ಟೂಲು ಹತ್ತಿ ನಿಂತಿದ್ದರು. ಎರಡು ರೆಕ್ಕೆ ಮುಗಿದಿತ್ತು. ಮೂರನೆಯದರ ಮೇಲೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಕೆಳಗೆ ಹೆಡ್ ಕಾನ್‌ಸ್ಟೆಬಲ್ ಸ್ಟೂಲಿನ ಕಾಲು ಹಿಡಿದಿದ್ದರು. ಅವರಿಗೆ ನಿವೃತ್ತಿ ಹತ್ತಿರವಾಗಿತ್ತು. ಠಾಣೆಯ ಪೇದೆಗಳಿಂದ ಹಿಡಿದು ಲಾಕಪ್ಪಿನಲ್ಲಿರುವವರ ತನಕ ಎಲ್ಲರೂ ಅವರನ್ನು ಹೆಡ್ಡಮ್ಮ ಎಂದೇ ಕರೆಯುತ್ತಿದ್ದರು.

"ಸಾರ್, ಉದುರೋದೆಲ್ಲ ನನ್ನ ತಲೆ ಮೇಲೇನೇ."

"ಕಣ್ಣು ಮುಚ್ಕೊಳ್ಳಿ."

"ನಾನು ಕಣ್ಣು ಮುಚ್ಕೊಂಡು, ನೀವು ಬಿದ್ದು, ಆಮೇಲೆ ನನ್ನ ಹೇಳಿಕೆ ತಗೋತಾರೆ. ಬೇಡಪ್ಪ."

ಆಗ ಬಾಗಿಲಲ್ಲಿ ಒಬ್ಬ ಬಂದು ನಿಂತ. ನಲವತ್ತರ ಆಸುಪಾಸಿನ ಮನುಷ್ಯ. ನೀಲಿ ಕೋಟು, ಎದೆಯ ಮೇಲೆ ಕಂಪನಿಯ ಗುರುತು. ಸ್ಟೂಲಿನ ಮೇಲೆ ನಿಂತವರು ಇನ್‌ಸ್ಪೆಕ್ಟರ್ ಇರಲಾರರು ಎಂದುಕೊಂಡು, "ಸಾಹೇಬರು ಎಲ್ಲಿ?" ಎಂದು ಹೆಡ್ಡಮ್ಮನನ್ನು ಕೇಳಿದ. ಹೆಡ್ಡಮ್ಮ ಅವನ ಮುಖವನ್ನು ಎರಡು ಸಲ ನೋಡಿದರು. ಬೆರಳನ್ನು ಮೇಲಕ್ಕೆ ತೋರಿಸಿದರು.

ಬಂದವನು ಮರದ ಡೆಕ್ಕುಗಳನ್ನು ತೊಳೆದು ಹೊಸದು ಮಾಡಿಕೊಡುವ ಕಂಪನಿಯ ಮಾಲೀಕ. ಮನೆಯ ಹಿಂದೆ ಹಲಗೆ ಹಾಸಿ ಕಟ್ಟಿಸುವ ಜಗಲಿಯನ್ನು ಆ ಬಡಾವಣೆಗಳಲ್ಲಿ ಡೆಕ್ಕು ಎನ್ನುತ್ತಾರೆ. ಬಿಸಿಲು, ಪಾಚಿ, ಜಿಡ್ಡು ಎಲ್ಲ ಸೇರಿ ಅದು ಕೆಲವೇ ವರ್ಷಗಳಲ್ಲಿ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಇವನ ಕೆಲಸಗಾರರು ನೀರನ್ನು ರಭಸದಿಂದ ಚಿಮ್ಮಿಸುವ ಪ್ರೆಶರ್ ಗನ್ನಿನಿಂದ ಅದನ್ನು ತೊಳೆದು, ಕೆಲವು ದಿನ ಒಣಗಲು ಬಿಟ್ಟು, ಉಜ್ಜಿ ಎಣ್ಣೆ ಹಚ್ಚುತ್ತಾರೆ. ಕೆಲಸದವರ ಬಾಯಲ್ಲಿ ಅವನು ಸಾಹುಕಾರ.

"ನಮ್ಮ ಕೆಲಸ ಯಾರೋ ಹಾಳ್ ಮಾಡ್ತಿದ್ದಾರೆ ಸಾರ್. ತೊಳೆದು ಒಣಗೋಕೆ ಬಿಟ್ಟ ಡೆಕ್ಕಿಗೆ ನುಗ್ಗಿ, ಗನ್ನಲ್ಲಿ ಮರ ಕೊರೆದು ಹೋಗ್ತಾರೆ. ಇದು ಮೂರನೇ ಮನೆ. ಬಂದಿದ್ದ ಆರ್ಡರುಗಳೆಲ್ಲ ವಾಪಸ್ ಹೋಗ್ತಿವೆ."

"ಯಾರ ಮೇಲಾದ್ರೂ ಅನುಮಾನ?"

"ಆ ಕಡೆ ರಸ್ತೆಯ ಕಂಪನಿಯವನೇ. ಇನ್ಯಾರು? ನಮ್ಮನ್ನ ಮುಳುಗಿಸಬೇಕು ಅಂತ ಕೂತಿದ್ದಾನೆ. ಸಿಕ್ಕಿದ್ರೆ ಮೊದಲು ಕೈ ಮುರೀರಿ ಸಾರ್, ಗನ್ ಹಿಡಿಯೋ ಕೈ."

"ಕೊರೆದು ಅಂದ್ರಲ್ಲ, ಗೆರೆಗಳಾ?"

ಸಾಹುಕಾರ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ಅಕ್ಷರ ಸಾರ್. ಏನೋ ಬರೀತಾರೆ. ಹುಚ್ಚರು."

ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು: ಅತಿಕ್ರಮ ಪ್ರವೇಶ ಮತ್ತು ಸ್ವತ್ತಿಗೆ ಹಾನಿ, ಆರೋಪಿ ಅಪರಿಚಿತ. ಮೂರನೆಯ ರೆಕ್ಕೆ ಹಾಗೇ ಉಳಿಯಿತು.

ಮೂರನೆಯ ಮನೆ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರಮ್ಮನದು. ಹಿಂಬದಿಯ ಡೆಕ್ಕು ದೊಡ್ಡದು, ತೊಳೆದು ಬಿಟ್ಟಿದ್ದರಿಂದ ಹೊಸದಾಗಿ ಕೆತ್ತಿದ ಮರದ ಹಾಗೆ ತಿಳಿಯಾಗಿತ್ತು. ಅದರ ಮೇಲೆ, ಈ ಅಂಚಿನಿಂದ ಆ ಅಂಚಿನವರೆಗೆ, ಮೊಳದುದ್ದದ ಅಕ್ಷರಗಳು:

ಆ ಡಬ್ಬಿ ಯಾರದು?

ಅಕ್ಷರಗಳನ್ನು ಮರದ ಎಳೆಗೆ ಅಡ್ಡಲಾಗಿ ಕೊರೆಯಲಾಗಿತ್ತು. ನೀರನ್ನು ಸೂಜಿಯಷ್ಟು ಸಪೂರಕ್ಕೆ ಬಿಡುವ ನಾಜಲ್ ಹಾಕಿದರೆ ಮಾತ್ರ ಹಾಗೆ ಆಗುತ್ತದೆ ಎಂದು ಸಾಹುಕಾರನೇ ವಿವರಿಸಿದ. ಕೊರೆದ ತೋಡಿನಲ್ಲಿ ಕಾಸ್ಟಿಕ್ ಸೋಡಾ ಕರಗಿಸಿದ ನೀರು ಹೊಯ್ದು ಸುಟ್ಟಿದ್ದರು. ಇದ್ದಿಲಿನಿಂದ ತೀಡಿದ ಹಾಗೆ ಕಪ್ಪು. ಉಜ್ಜಿದರೆ ಹೋಗುವ ಕಪ್ಪಲ್ಲ.

"ಯಾವ ಡಬ್ಬಿ?" ಎಂದರು ಇನ್‌ಸ್ಪೆಕ್ಟರು.

"ನನಗೇನು ಗೊತ್ತು ಸಾರ್? ಹುಚ್ಚರು ಅಂದ್ನಲ್ಲ."

ಅವನು ಆ ಸಾಲನ್ನು ಓದದೆ ಅದರ ಪಕ್ಕದ ಬೇಲಿಯನ್ನು ನೋಡಿ ಉತ್ತರ ಕೊಟ್ಟಿದ್ದನ್ನು ಇನ್‌ಸ್ಪೆಕ್ಟರು ಗಮನಿಸಿದರು. ನೆರೆಯ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಶುರುವಾಯಿತು. ಕಾನ್‌ಸ್ಟೆಬಲ್ ಬರೆಯುತ್ತಿದ್ದ, ಹೆಡ್ಡಮ್ಮ ಮಂಡಿಯೂರಿ ತೋಡಿನ ಆಳ ಅಳೆಯುತ್ತಿದ್ದರು. ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ಮೇಲ್ವಿಚಾರಣೆ ಮಾಡುತ್ತಿದ್ದರು.

"ನೀವು ಮನೇಲಿರಲಿಲ್ವಾ ಡಾಕ್ಟರಮ್ಮ?"

"ಎರಡು ದಿನ ತಂಗಿ ಮನೆಗೆ ಹೋಗಿದ್ದೆ. ಒದ್ದೆ ಮರ ತುಳೀಬೇಡಿ ಅಂತ ಇವರೇ ಮೆಟ್ಟಿಲಿಗೆ ಹಳದಿ ಪಟ್ಟಿ ಕಟ್ಟಿ ಹೋಗಿದ್ರು."

ಪಕ್ಕದ ಮನೆಯಾತ, ಪಂಚರಲ್ಲೊಬ್ಬ, ಬಾಯಿ ಹಾಕಿದ: "ನಾನು ನೋಡ್ದೆ ಸಾರ್. ಮಧ್ಯಾಹ್ನದ ಬೆಳಕಲ್ಲೇ ಬಂದಿದ್ರು. ನೀಲಿ ಕೋಟು, ಟೋಪಿ, ಬಾಯಿಗೆ ಮಾಸ್ಕು, ಮೆಷಿನ್ನು. ಕಂಪನಿಯವರೇ ಅಂದ್ಕೊಂಡೆ."

"ಒಬ್ರಾ, ಇಬ್ರಾ?"

"ಒಬ್ರೇ."

"ಗಂಡಸಾ, ಹೆಂಗಸಾ?"

"ಆ ಕೋಟಿನೊಳಗೆ ಯಾರಿದ್ರೆ ಏನು ಗೊತ್ತಾಗುತ್ತೆ ಸಾರ್? ಹೋಗ್ತಾ ಗೇಟಿಗೆ ಚಿಲಕ ಹಾಕಿದ್ರು ನೋಡಿ, ಆಗ ಒಳ್ಳೆ ಕೆಲಸದವರು ಅಂದ್ಕೊಂಡೆ."

ಡೆಕ್ಕಿನ ಅಂಚಿಗೆ ತಾಗಿಕೊಂಡೇ ಗುಲಾಬಿಯ ಸಾಲಿತ್ತು. ಇನ್‌ಸ್ಪೆಕ್ಟರು ಅಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕಾಸ್ಟಿಕ್ ನೀರು ಹಾರಿ ಬೇಲಿಯ ಬಣ್ಣ ಎದ್ದುಹೋಗಿತ್ತು. ಆದರೆ ಬೇಲಿಗೂ ಡೆಕ್ಕಿಗೂ ನಡುವೆ ಇದ್ದ ಗಿಡಗಳಲ್ಲಿ ಒಂದೆಲೆಯೂ ಬಾಡಿರಲಿಲ್ಲ.

"ಅದೇ ನನಗೂ ಆಶ್ಚರ್ಯ," ಎಂದರು ಡಾಕ್ಟರಮ್ಮ. "ಹೋದ ವರ್ಷ ಇವರ ಕಡೆಯವರು ತೊಳೆಯೋಕೆ ಬಂದು ಮೂರು ಗಿಡ ಸುಟ್ಟು ಹಾಕಿದ್ರು. ದುಡ್ಡು ತಗೊಂಡು ಬಂದೋರು ಗಿಡ ಸಾಯಿಸಿದ್ರು, ಹಾಳು ಮಾಡೋಕೆ ಬಂದೋರು ಒಂದೆಲೆ ಮುಟ್ಟಲಿಲ್ಲ. ಯಾರು ಕಳ್ಳರು, ನೀವೇ ಹೇಳಿ."

ಸಾಹುಕಾರನ ಮುಖ ಕೆಂಪಗಾಯಿತು.

ಗಿಡಗಳ ಬುಡದ ಮಣ್ಣು ಚೆನ್ನಾಗಿ ನೆನೆದು ಒತ್ತಿಕೊಂಡಿತ್ತು. ಪಾತಿಯ ಅಂಚಿನ ಕಲ್ಲುಗಳಲ್ಲಿ ನಾಲ್ಕನ್ನು ಯಾರೋ ಎತ್ತಿ ಮತ್ತೆ ಕೂರಿಸಿದ್ದರು. ಮಣ್ಣಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಮಡಿಕೆ ಮೂಡಿತ್ತು. ಮೊದಲು ಗಿಡಕ್ಕೆ ಬರೀ ನೀರು ಕುಡಿಸಿ, ಮೇಲೆ ಹಾಳೆ ಹೊದಿಸಿ ಕಲ್ಲಿಟ್ಟು, ಆಮೇಲೆ ಕೊರೆಯುವ ಕೆಲಸ. "ಇದನ್ನೂ ಬರಕೋ," ಎಂದರು ಇನ್‌ಸ್ಪೆಕ್ಟರು.

"ಗುಲಾಬಿಗೆ ಹಾನಿ ಇಲ್ಲ ಅಂತಾನಾ ಸಾರ್?" ಎಂದ ಕಾನ್‌ಸ್ಟೆಬಲ್.

"ಹೌದು. ಹಾನಿ ಇಲ್ಲ ಅಂತಾನೇ."

ಜೀಪಿನಲ್ಲಿ ಹೆಡ್ಡಮ್ಮ ಮಾತೆತ್ತಿದರು.

"ಸಾರ್, ಈ ಸಾಹುಕಾರನ್ನ ನಾನು ಮುಂಚೆ ನೋಡಿದ್ದೀನಿ. ಎರಡು ವರ್ಷದ ಹಿಂದೆ, ನೀವು ಬರೋಕೆ ಮುಂಚೆ. ಇವನ ಅಕ್ಕನ ಗಂಡ ತೀರಿಕೊಂಡಾಗ ಶವ ಪಂಚನಾಮೆಗೆ ಹೋದವಳು ನಾನೇ. ಡೆಕ್ಕಿನ ಕೆಳಗೆ ತೂರಿಕೊಂಡು ತೊಲೆ ತೊಳೀತಿದ್ದ ಮನುಷ್ಯ. ಬ್ಲೀಚ್ ಇದ್ದ ಬಕೆಟ್ಟಿಗೆ ಆಸಿಡ್ ಸುರಿದು, ವಿಷದ ಗಾಳಿ ಎದ್ದು, ಶ್ವಾಸಕೋಶ ಬೆಂದುಹೋಯ್ತು. ಮೂರು ದಿನ ಬದುಕಿದ್ದ."

"ತಾನೇ ಸುರ್ಕೊಂಡನಾ?"

"ಬ್ಲೀಚ್ ಅಂದ್ಕೊಂಡು ಸುರಿದ. ಡಬ್ಬಿಯಲ್ಲಿ ಇದ್ದದ್ದು ಆಸಿಡ್. ಹಿಂದಿನ ದಿನ ಭಾವನೇ ಆ ಡಬ್ಬಿ ತುಂಬಿದ್ದು ಅಂತ ಈ ಸಾಹುಕಾರ ಹೇಳಿಕೆ ಕೊಟ್ಟ. ಸ್ವಂತ ಅಜಾಗರೂಕತೆ ಅಂತ ಫೈಲ್ ಮುಚ್ಚಿದ್ರು."

"ಆ ಡಬ್ಬಿ ಯಾರದು," ಎಂದು ಇನ್‌ಸ್ಪೆಕ್ಟರು ತಮ್ಮಷ್ಟಕ್ಕೇ ಹೇಳಿಕೊಂಡರು. "ಹೆಂಡತಿ ಏನಂದ್ರು?"

"ಆಗ ಅವರಿಗೆ ಮಾತು ಬರ್ತಿರಲಿಲ್ಲ ಸಾರ್. ಮೇಲೆ ಡೆಕ್ಕಿನಲ್ಲಿ ಗನ್ ಹಿಡಿದು ಕೆಲಸ ಮಾಡ್ತಿದ್ದೋರು ಅವರೇ."

ಉಳಿದೆರಡು ಮನೆಗಳಿಗೂ ಹೋದರು. ಅಲ್ಲಿಯೂ ಅದೇ ಸಾಲು, ಅದೇ ಕೈ. ಮೊದಲ ಮನೆಯಲ್ಲಿ ಡೆಕ್ಕಿನ ಮೇಲಿದ್ದ ಕುಂಡಗಳನ್ನು ದೂರ ಒಯ್ದಿಟ್ಟು, ಕೆಲಸವಾದ ಮೇಲೆ ಮತ್ತೆ ಇದ್ದ ಸಾಲಿನಲ್ಲೇ ಜೋಡಿಸಿದ್ದರು. ಎರಡನೆಯ ಮನೆಯಲ್ಲಿ ಪುಟ್ಟ ಮೀನಿನ ಕೊಳವಿತ್ತು. ಅದರ ಮೇಲೆ ಹಲಗೆ ಮುಚ್ಚಿದ್ದರು. ಮೀನುಗಳು ಏನೂ ಆಗಿಲ್ಲವೆನ್ನುವ ಹಾಗೆ ಸುತ್ತುತ್ತಿದ್ದವು.

ಆ ಕಡೆ ರಸ್ತೆಯ ಕಂಪನಿಯವನ ವಿಚಾರಣೆಯೂ ಆಯಿತು. ಆ ವಾರವೆಲ್ಲ ಅವನೂ ಅವನ ಜನರೂ ಒಂದು ಆಸ್ಪತ್ರೆಯ ಹೊರಗೋಡೆ ತೊಳೆಯುತ್ತಿದ್ದರು, ಅಲ್ಲಿನ ಕಾವಲುಗಾರ ಹೌದೆಂದ. ಗಿಡ ಮುಚ್ಚಿದ ವಿಷಯ ಕೇಳಿ ಅವನು ನಕ್ಕುಬಿಟ್ಟ. "ನಾನು ಅವನ ಹೊಟ್ಟೆ ಮೇಲೆ ಹೊಡೆಯೋಕೆ ಹೋದೋನು ಗುಲಾಬಿಗೆ ಕೊಡೆ ಹಿಡೀತೀನಾ ಸಾರ್?"

ಸೋಮವಾರ ಬೆಳಗ್ಗೆ ಕಂಪನಿಯ ಶೆಡ್ಡಿಗೆ ಹೋದರು. ಗೋಡೆಯುದ್ದಕ್ಕೂ ಸುತ್ತಿಟ್ಟ ಪೈಪುಗಳು, ಮೂಲೆಯಲ್ಲಿ ಎಣ್ಣೆಯ ಡಬ್ಬಗಳು, ನೆಲದ ಮೇಲೆ ಯಾವಾಗಲೂ ಆರದ ಒದ್ದೆ. ಎಲ್ಲರಿಗಿಂತ ಹಳೆಯ ಕೆಲಸಗಾರ ಒಬ್ಬನಿದ್ದ. ಹೆಗಲ ಮೇಲೆ ಸದಾ ಪೈಪು ಹೊತ್ತಿರುತ್ತಿದ್ದುದರಿಂದ ಅವನ ಹೆಸರೇ ಪೈಪು ಆಗಿಹೋಗಿತ್ತು. ಸಾಹುಕಾರನನ್ನು ಹೊರಗೆ ಕಳಿಸಿ ಇನ್‌ಸ್ಪೆಕ್ಟರು ಅವನನ್ನು ಕೂರಿಸಿಕೊಂಡರು.

"ತೊಳೆಯೋಕೆ ಮುಂಚೆ ಗಿಡಕ್ಕೆ ನೀರು ಹಾಕಿ ಮುಚ್ಚೋ ಪದ್ಧತಿ ಇದೆಯಾ?"

"ಇತ್ತು ಸಾರ್, ಭಾವನ ಕಾಲದಲ್ಲಿ. ಹೊಟ್ಟೆ ತುಂಬಿದ ಗಿಡ ವಿಷ ಕುಡಿಯಲ್ಲ ಅನ್ನೋರು. ಈಗ ಯಾರಿಗೆ ಪುರುಸೊತ್ತು? ದಿನಕ್ಕೆ ಎರಡು ಮನೆ ಮುಗೀಬೇಕು."

"ಭಾವ ಅಂದ್ರೆ ಸಾಹುಕಾರನ ಭಾವ."

"ಎಲ್ಲರಿಗೂ ಭಾವ. ಈ ಕಂಪನಿ ಮಾಡಿದ್ದೇ ಅವರು. ಸಾಹುಕಾರ್ರಿಗೆ ಗನ್ ಹಿಡಿಯೋಕೆ ಕಲಿಸಿದ್ದೂ ಅವರೇ."

"ಭಾವ ಹೋದ ಮೇಲೆ ಆ ಪದ್ಧತಿ ಇಟ್ಕೊಂಡೋರು ಯಾರಾದ್ರೂ ಇದ್ದಾರಾ?"

ಪೈಪು ಬಾಗಿಲ ಕಡೆ ನೋಡಿದ. "ಅಕ್ಕ ಒಬ್ರು. ಆದ್ರೆ ಅವರನ್ನ ಕೆಲಸಕ್ಕೆ ಬರಬೇಡ ಅಂದುಬಿಟ್ರಲ್ಲ. ಈಗೆಲ್ಲೋ ಲಾರಿ ತೊಳೀತಾರಂತೆ."

"ಸರಿ. ಇಷ್ಟು ಡಬ್ಬಿ ಇವೆ. ಯಾವುದರಲ್ಲಿ ಏನಿದೆ ಅಂತ ಹೆಂಗೆ ಗೊತ್ತಾಗುತ್ತೆ? ಚೀಟಿ ಇಲ್ವಲ್ಲ?"

"ನಮ್ಮ ಕೆಲಸದಲ್ಲಿ ಚೀಟಿ ಎಲ್ಲಿ ನಿಲ್ಲುತ್ತೆ ಸಾರ್? ನೀರಲ್ಲಿ ಮೊದಲು ಹೋಗೋದೇ ಅದು. ಭಾವ ಬಟ್ಟೆ ಕಟ್ಟೋರು. ಡಬ್ಬಿ ಕತ್ತಿಗೆ ಕೆಂಪು ಬಟ್ಟೆ ಇದ್ರೆ ಆಸಿಡ್, ಹಳದಿ ಇದ್ರೆ ಕಾಸ್ಟಿಕ್, ಏನೂ ಇಲ್ಲದಿದ್ರೆ ಬ್ಲೀಚ್. ಕತ್ತಲೇಲೂ ಕೈಯಾಡಿಸಿದ್ರೆ ಸಾಕು, ಬಟ್ಟೆ ಇದೆಯೋ ಇಲ್ವೋ ಗೊತ್ತಾಗೋದು."

"ಆಸಿಡ್ ಡಬ್ಬಿ ತುಂಬೋರು ಯಾರು?"

"ಸಾಹುಕಾರ್ರೇ. ಡ್ರಮ್ಮು ಅವರ ರೂಮಲ್ಲಿ, ಬೀಗ ಹಾಕಿರ್ತಾರೆ. ಮುಂಚೆಯಿಂದಾನೂ ಅವರೇ..." ಎಂದವನು ಅಲ್ಲಿಗೆ ನಿಲ್ಲಿಸಿದ.

"ಮುಂಚೆಯಿಂದಾನೂ?"

ಪೈಪು ಅಂಗೈ ಉಜ್ಜಿಕೊಂಡ. "ನನಗೆ ಮೂರು ಮಕ್ಕಳು ಸಾರ್."

ಇನ್‌ಸ್ಪೆಕ್ಟರು ಅವನನ್ನು ಆಗ ಹೆಚ್ಚು ಕೆದಕಲಿಲ್ಲ.

ಅಕ್ಕನ ಮನೆ ಲಾರಿ ನಿಲ್ದಾಣದ ಹಿಂದಿನ ಸಾಲಿನಲ್ಲಿತ್ತು. ಬೀಗ ಹಾಕಿತ್ತು. ಲಾರಿ ತೊಳೆಯುವಲ್ಲಿ ಕೇಳಿದರೆ, ಒಳ್ಳೆ ಕೆಲಸಗಾರ್ತಿ, ಆದರೆ ಬೇಕಾದಾಗ ರಜೆ ಹಾಕುತ್ತಾಳೆ ಎಂದರು. ಮುಖ ಕಂಡವರಿಲ್ಲ, ಗುರುತು ಹಿಡಿದವರಿಲ್ಲ, ನೀಲಿ ಕೋಟು ಯಾರ ಮೈಮೇಲಾದರೂ ಒಂದೇ. ಅನುಮಾನವನ್ನು ಕೋರ್ಟು ತಕ್ಕಡಿಯಲ್ಲಿ ಹಾಕುವುದಿಲ್ಲ. ಇನ್‌ಸ್ಪೆಕ್ಟರು ಸಾಹುಕಾರನನ್ನು ಕರೆದು, ಯಾರ ಹೆಸರನ್ನೂ ಹೇಳದೆ, ಮಾಲೀಕರು ಊರಿನಲ್ಲಿಲ್ಲದ ಒಂದು ಮನೆಯ ಡೆಕ್ಕು ತೊಳೆದು ಪಟ್ಟಿ ಕಟ್ಟಿ ಬರಲು ಹೇಳಿದರು. ಮಾಲೀಕರಿಗೆ ಫೋನು ಮಾಡಿ ಒಪ್ಪಿಗೆಯನ್ನೂ ಪಡೆದರು.

ಬುಧವಾರ ಬೆಳಗ್ಗೆಯಿಂದ ಇನ್‌ಸ್ಪೆಕ್ಟರು, ಹೆಡ್ಡಮ್ಮ, ಕಾನ್‌ಸ್ಟೆಬಲ್ ಮೂವರೂ ಆ ಮನೆಯ ಅಡುಗೆಮನೆಯಲ್ಲಿ ಕೂತರು. ಬುಧವಾರ ಯಾರೂ ಬರಲಿಲ್ಲ. ಹೆಡ್ಡಮ್ಮ ಅಲ್ಲಿದ್ದ ಒಲೆ ಒರೆಸಿದರು, ಡಬ್ಬಗಳ ಮುಚ್ಚಳ ಒರೆಸಿದರು. "ಬೇರೆಯವರ ಮನೆ ಅಮ್ಮ," ಎಂದು ಇನ್‌ಸ್ಪೆಕ್ಟರು ಹೇಳಿದ್ದಕ್ಕೆ, "ಜಿಡ್ಡು ಯಾರ ಮನೇದಾದ್ರೇನು ಸಾರ್, ಕಣ್ಣಿಗೆ ಚುಚ್ಚುತ್ತೆ," ಎಂದರು.

ಗುರುವಾರ ಹನ್ನೊಂದು ಗಂಟೆ ಕಳೆದ ಮೇಲೆ ಗೇಟಿನ ಚಿಲಕ ಸದ್ದಾಯಿತು.

ನೀಲಿ ಕೋಟಿನವರು ಗಾಲಿಯ ಮೆಷಿನ್ನು ತಳ್ಳಿಕೊಂಡು ಬಂದರು. ಅವಸರವಿರಲಿಲ್ಲ. ಮೆಷಿನ್ನನ್ನು ನೆರಳಿಗೆ ನಿಲ್ಲಿಸಿದರು. ನಲ್ಲಿಗೆ ಪೈಪು ಜೋಡಿಸಿ, ಮೊದಲು ಡೆಕ್ಕಿನ ಸುತ್ತಲಿನ ಹೂಗಿಡಗಳಿಗೆ ಒಂದೊಂದಕ್ಕೂ ನೀರು ಬಿಟ್ಟರು. ಡೆಕ್ಕಿನ ಕಟಕಟೆಯ ಮೇಲೆ ಹಕ್ಕಿಗಳಿಗೆಂದು ಇಟ್ಟಿದ್ದ ನೀರಿನ ಬಟ್ಟಲನ್ನು ಎತ್ತಿ ದೂರದ ಗೋಡೆಯ ಮೇಲಿಟ್ಟರು. ಗಾಡಿಯಿಂದ ಪ್ಲಾಸ್ಟಿಕ್ ಹಾಳೆ ತೆಗೆದು, ಮಲಗಿದ ಮಗುವಿಗೆ ಹೊದಿಸುವ ಹಾಗೆ ಗಿಡಗಳ ಮೇಲೆ ಹೊದಿಸಿ, ಮೂಲೆಗಳಿಗೆ ಕಲ್ಲಿಟ್ಟರು.

"ಸಾರ್, ಹೋಗೋಣ್ವಾ?" ಎಂದು ಹೆಡ್ಡಮ್ಮ ಪಿಸುಗುಟ್ಟಿದರು.

"ತಾಳಿ. ಗಿಡಕ್ಕೆ ನೀರು ಹಾಕೋದು ಯಾವ ಕಲಮಿನಲ್ಲೂ ಅಪರಾಧ ಅಲ್ಲ."

ಹಳದಿ ಬಟ್ಟೆ ಕಟ್ಟಿದ ಡಬ್ಬಿಯೊಂದು ಮೆಟ್ಟಿಲ ಮೇಲೆ ಬಂದು ಕೂತಿತು. ಮೆಷಿನ್ನು ಗುಡುಗಿತು. ಗನ್ನಿನ ಮೂತಿ ಮೊದಲು ಗಾಳಿಯಲ್ಲಿ ನೀರು ಬಿಟ್ಟು, ಆಮೇಲೆ ಮೆಲ್ಲಗೆ ಮರಕ್ಕಿಳಿಯಿತು. ಮರದ ನಾರು ಹೊಗೆಯ ಹಾಗೆ ಎದ್ದಿತು. ಮೊದಲ ಅಕ್ಷರ ಮುಗಿಯುವ ಮೊದಲೇ ಮೂವರೂ ಹೊರಗೆ ಬಂದರು. ಇನ್‌ಸ್ಪೆಕ್ಟರು "ನಿಲ್ಸಿ!" ಎಂದು ಕೂಗಿದ್ದು ಅವರಿಗೇ ಕೇಳಿಸಲಿಲ್ಲ. ಹೆಡ್ಡಮ್ಮ ನೆಟ್ಟಗೆ ಹೋಗಿ ಮೆಷಿನ್ನಿನ ಗುಂಡಿ ಒತ್ತಿದರು.

ಸದ್ದು ನಿಂತಿತು. ನೀಲಿ ಕೋಟು ತಿರುಗಿತು. ಮಾಸ್ಕು ಕೆಳಗಿಳಿಯಿತು. ಐವತ್ತರ ಹತ್ತಿರದ ಹೆಂಗಸು. ಮುಖದಲ್ಲಿ ಗಾಬರಿಯ ಸುಳಿವೇ ಇರಲಿಲ್ಲ.

"ಈಗ ಬಂದ್ರಾ? ಮೂರನೇ ಮನೆಗೇ ಬರ್ತೀರಿ ಅಂದ್ಕೊಂಡಿದ್ದೆ."

ಕಾನ್‌ಸ್ಟೆಬಲ್ ಡಬ್ಬಿಗೆ ಕೈ ಹಾಕಲು ಹೋದ.

"ಏಯ್, ಬರಿಗೈಲಿ ಮುಟ್ಬೇಡಪ್ಪ, ಚರ್ಮ ಎದ್ದು ಬರುತ್ತೆ. ಗಾಡೀಲಿ ಗ್ಲೌಸ್ ಇದೆ ನೋಡು."

ಮೆಷಿನ್ನು, ನಾಜಲ್ಲು, ಡಬ್ಬಿ, ಹಾಳೆ, ಎಲ್ಲವನ್ನೂ ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಹನ್ನೆರಡೂ ಕಾಲಿಗೆ ಬಂಧನವಾಯಿತು. ಜೀಪು ಹತ್ತುವ ಮುಂಚೆ ಅವರು ಒಂದೇ ಮಾತು ಕೇಳಿದರು: ಹಾಳೆ ತೆಗೆದ ಮೇಲೆ ಗಿಡಗಳಿಗೆ ಇನ್ನೊಂದು ಸಲ ನೀರು ಬಿಡಬೇಕು. ಹೆಡ್ಡಮ್ಮ ಬಿಟ್ಟು ಬಂದರು.

ಠಾಣೆಯಲ್ಲಿ ಇನ್‌ಸ್ಪೆಕ್ಟರು ಶುರುಮಾಡಿದರು.

"ಮೂರು ಮನೆ ಡೆಕ್ಕು..."

"ನಾನೇ. ಇದನ್ನೂ ಸೇರಿಸಿ ನಾಲ್ಕು. ಬರ್ಕೊಳ್ಳಿ."

"ಯಾಕೆ?"

"ಬರ್ದಿದ್ದೀನಲ್ಲ ಸಾರ್. ಓದೋಕೆ ಬರುತ್ತಲ್ಲ ನಿಮಗೆ?"

ಹೆಡ್ಡಮ್ಮ ನೀರಿನ ಲೋಟ ಮುಂದಿಟ್ಟರು. ಹೆಂಗಸು ಅದನ್ನು ಮುಟ್ಟಲಿಲ್ಲ.

"ಅವತ್ತಿನ ಹಿಂದಿನ ದಿನ ನಮ್ಮ ಯಜಮಾನ್ರು ಶೆಡ್ಡಿಗೇ ಹೋಗಿರಲಿಲ್ಲ. ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಡ್ರಮ್ಮಿನ ರೂಮಿನ ಬೀಗದ ಕೈ ಯಾವಾಗ್ಲೂ ನನ್ನ ತಮ್ಮನ ಹತ್ರ. ಅವನಿಗೆ ಬಟ್ಟೆ ಕಟ್ಟೋದು ಅಂದ್ರೆ ತಮಾಷೆ. ಇದೇನು ಭಾವ, ಡಬ್ಬಿಗಳಿಗೆಲ್ಲ ಕೂಸಿನ ಹಾಗೆ ಅಲಂಕಾರ ಅನ್ನೋನು. ತುಂಬ್ದ, ಬಟ್ಟೆ ಕಟ್ಟಲಿಲ್ಲ, ಬ್ಲೀಚಿನ ಸಾಲಲ್ಲಿಟ್ಟ. ಇವರು ಡೆಕ್ಕಿನ ಕೆಳಗೆ ಕತ್ತಲಲ್ಲಿ ಕೈಯಾಡಿಸಿ ನೋಡಿದ್ರು, ಬಟ್ಟೆ ಇರಲಿಲ್ಲ, ಸುರಿದ್ರು. ಕೆಮ್ಮಿರ್ತಾರೆ, ಕೂಗಿರ್ತಾರೆ. ಮೇಲೆ ನನ್ನ ಮೆಷಿನ್ ಶಬ್ದ." ಅವರು ತಮ್ಮ ಕತ್ತಿನ ಮೇಲೆ ಬೆರಳಿಟ್ಟರು. "ಆಸ್ಪತ್ರೇಲಿ ಮೂರು ದಿನ ಕತ್ತು ಮುಟ್ಟಿ ಮುಟ್ಟಿ ತೋರಿಸ್ತಿದ್ರು. ಗಂಟಲು ನೋವು ಅಂತ ನಾವೆಲ್ಲ ಅಂದ್ಕೊಂಡ್ವಿ. ಮಣ್ಣು ಮಾಡಿ ಬಂದ ಮೇಲೆ ನನಗೆ ಹೊಳೀತು, ಡಬ್ಬಿ ಕತ್ತಿಗೆ ಬಟ್ಟೆ ಇರಲಿಲ್ಲ ಅಂತ ಹೇಳ್ತಿದ್ರು."

"ಆಗಲೇ ಹೇಳಬಹುದಿತ್ತಲ್ಲ?"

"ಹೇಳೋಕೆ ಬಂದೆ. ಫೈಲ್ ಮುಚ್ಚಿದೆ ಅಂದ್ರು. ತಮ್ಮನ್ನ ಕೇಳ್ದೆ. ಸತ್ತೋರನ್ನ ಎಬ್ಬಿಸ್ತೀಯಾ ಅಕ್ಕ ಅಂದ. ಅದನ್ನೂ ನುಂಗ್ಕೊಂಡಿದ್ದೆ ಸಾರ್. ಒಂದು ತಪ್ಪು ಯಾರಿಗಾದ್ರೂ ಆಗುತ್ತೆ. ಆದ್ರೆ ಹೊಸಬರು ಕೆಲಸಕ್ಕೆ ಸೇರಿದಾಗೆಲ್ಲ ಅವನು ಅವರನ್ನ ಸಾಲಾಗಿ ನಿಲ್ಲಿಸಿ ಒಂದು ಪಾಠ ಹೇಳ್ತಾನಂತೆ: ನಮ್ಮ ಭಾವನ ಹಾಗೆ ಬೇಜವಾಬ್ದಾರಿ ಮಾಡಿದ್ರೆ ಹೆಣ ಆಗ್ತೀರಿ, ಹುಷಾರ್! ಪೈಪು ಬಂದು ಹೇಳ್ದ. ಗುಲಾಬಿ ಎಲೆ ಸುಡಬಾರ್ದು ಅಂತ ಅರ್ಧ ಗಂಟೆ ಕಾಯೋ ಮನುಷ್ಯನಿಗೆ ಬೇಜವಾಬ್ದಾರಿ ಅಂತ ಹೆಸರು. ಕೊಂದೋನು ಮೇಷ್ಟ್ರು, ಸತ್ತೋನು ಪಾಠ. ಅವತ್ತು ಇವರ ಹಳೇ ಮೆಷಿನ್ ಹೊರಗೆ ತೆಗೆದೆ. ಅವನ ಒಂದೊಂದು ಡೆಕ್ಕೂ ಅವನನ್ನ ಕೇಳಬೇಕು, ಅವನ ಗಿರಾಕಿಗಳೂ ಕೇಳಬೇಕು."

"ಆ ಮನೆಯವರು ನಿಮಗೇನು ಮಾಡಿದ್ರು?"

ಮೊದಲ ಬಾರಿಗೆ ಅವರು ಕಣ್ಣು ತಗ್ಗಿಸಿದರು. "ಏನೂ ಮಾಡಿಲ್ಲ. ಹಲಗೆ ಬಿಚ್ಚಿ ತಿರುಗಿಸಿ ಬಡಿದ್ರೆ ಹೊಸ ಮುಖ ಬರುತ್ತೆ. ಬಿಟ್ರೆ ನಾನೇ ಮಾಡಿಕೊಡ್ತೀನಿ."

ನಾಲ್ಕು ಗಂಟೆಗೆ ಸಾಹುಕಾರ ಬಂದ. ಅಕ್ಕನನ್ನು ಕಂಡು ಬಾಗಿಲಲ್ಲೇ ನಿಂತ. ಆಶ್ಚರ್ಯಪಟ್ಟವನ ಹಾಗೆ ಕಾಣಲಿಲ್ಲ.

"ಬಾ ತಮ್ಮಾ, ಕೂತ್ಕೋ," ಎಂದರು ಅಕ್ಕ. "ಡಬ್ಬಿ ಯಾರದು?"

"ಸಾರ್, ಇವಳಿಗೆ ತಲೆ ಸರಿ ಇಲ್ಲ. ಭಾವ ಹೋದ ಮೇಲೆ ಹಿಂಗೇ. ಕೇಸು ಗಟ್ಟಿಯಾಗಿ ಹಾಕಿ."

"ತಲೆ ಸರಿ ಇದೆಯೋ ಇಲ್ವೋ, ಕೈ ಸರಿಯಾಗಿದೆ ಕಣೋ. ಅಕ್ಷರ ನೋಡಿದ್ಯಲ್ಲ, ಎಷ್ಟು ನೆಟ್ಟಗಿದೆ? ಹೇಳು. ಡಬ್ಬಿ ಯಾರದು?"

"ಭಾವನೇ ತುಂಬಿದ್ದು. ಅವತ್ತೇ ಹೇಳಿಕೆ ಕೊಟ್ಟಿದ್ದೀನಿ."

"ಡ್ರಮ್ಮಿನ ರೂಮಿನ ಬೀಗದ ಕೈ ಯಾರ ಹತ್ರ ಇರುತ್ತೆ?" ಎಂದು ಇನ್‌ಸ್ಪೆಕ್ಟರು ಕೇಳಿದರು.

"ನನ್ನ ಹತ್ರ. ಅಂದ್ರೆ... ಎಲ್ಲರ ಹತ್ರಾನೂ."

"ಎಷ್ಟು ಕೀ ಇದೆ?"

"ಒಂದು."

"ಒಂದು ಕೀ ಎಲ್ಲರ ಹತ್ರ ಹೆಂಗಿರುತ್ತೆ?"

ಸಾಹುಕಾರ ಟೋಪಿ ತೆಗೆದ, ಹಾಕಿಕೊಂಡ. "ನಾನು ದೂರು ಕೊಟ್ಟೋನು ಸಾರ್. ನನ್ನನ್ನ ಯಾಕೆ ಕೇಳ್ತೀರಿ?"

ಅಕ್ಕ ನಕ್ಕರು. ಅದರಲ್ಲಿ ಸಂತೋಷವೇನೂ ಇರಲಿಲ್ಲ. "ನಾನು ಮಾಡಿದ್ದನ್ನ ಮಾಡ್ದೆ ಅಂತ ಹೇಳೋಕೆ ಎರಡು ನಿಮಿಷ ಆಯ್ತು ನೋಡು. ನಿನಗೆ ಎರಡು ವರ್ಷ ಸಾಲಲಿಲ್ಲ. ಹೇಳ್ಬೇಡ. ಇವತ್ತು ಹೇಳ್ಬೇಡ. ನೀನು ಮಲಗೋವಾಗ, ಏಳೋವಾಗ, ಗಿರಾಕಿ ಬಾಗಿಲು ತಟ್ಟೋವಾಗೆಲ್ಲ ಅದೇ ಕೇಳಿಸ್ತಾ ಇರಲಿ ನಿನಗೆ."

ಅವನು ಹೊರಟುಹೋದ. ಹೋಗುವ ದಾರಿಯಲ್ಲೇ ಹಲ್ಲಿನ ಡಾಕ್ಟರಮ್ಮನ ಮನೆಗೆ ಹೋಗಿ, ಖರ್ಚಿಲ್ಲದೆ ಹಲಗೆ ಬದಲಿಸಿ ಕೊಡುತ್ತೇನೆ ಎಂದನಂತೆ. ಅಷ್ಟು ಹೊತ್ತಿಗೆ ಸುದ್ದಿ ಬಡಾವಣೆಯಲ್ಲೆಲ್ಲ ಹರಡಿತ್ತು. ಡಾಕ್ಟರಮ್ಮ ಅವನನ್ನು ಗೇಟಿನಲ್ಲೇ ನಿಲ್ಲಿಸಿ, "ಹಾಗೇ ಇರಲಿ. ಬಂದೋರೆಲ್ಲ ಯಾವ ಡಬ್ಬಿ ಅಂತ ಕೇಳ್ತಾರೆ. ನಾನು ಹೇಳ್ತೀನಿ. ನನಗೂ ಹೊತ್ತು ಹೋಗುತ್ತೆ," ಎಂದರಂತೆ. ಇದನ್ನು ಅವರೇ ಠಾಣೆಗೆ ಫೋನು ಮಾಡಿ ಹೇಳಿದರು.

ಸಂಜೆ ಪೈಪು ತಾನಾಗಿಯೇ ಬಂದ. ಹೆಗಲ ಮೇಲೆ ಪೈಪು ಇರಲಿಲ್ಲ, ಹಾಗಾಗಿ ಯಾರಿಗೂ ಥಟ್ಟನೆ ಗುರುತು ಸಿಗಲಿಲ್ಲ. "ಅಕ್ಕ ಒಳಗೆ ಕೂತಿದ್ದಾರೆ, ನಾನು ಹೊರಗೆ ಊಟ ಮಾಡೋಕಾಗಲ್ಲ ಸಾರ್," ಎಂದು, ಆಸಿಡ್ ಡಬ್ಬಿಗಳನ್ನು ಮುಂಚಿನಿಂದಲೂ ಸಾಹುಕಾರನೊಬ್ಬನೇ ತುಂಬುತ್ತಿದ್ದನೆಂದು ಹೇಳಿಕೆ ಕೊಟ್ಟು ಸಹಿ ಹಾಕಿದ.

ಇನ್‌ಸ್ಪೆಕ್ಟರು ಮುಚ್ಚಿದ ಫೈಲನ್ನು ತರಿಸಿದರು. "ಅವತ್ತಿನ ಡಬ್ಬಿ ಏನಾಯ್ತು ಹೆಡ್ಡಮ್ಮ?"

"ಎಲ್ಲಿಗೆ ಹೋಗುತ್ತೆ ಸಾರ್? ನಾನೇ ವಶಪಡಿಸ್ಕೊಂಡಿದ್ದು."

ಮುದ್ದೇಮಾಲು ಕೋಣೆಯಲ್ಲಿ, ಮುರಿದ ಸೈಕಲ್ಲುಗಳ ಹಿಂದೆ, ಬಟ್ಟೆಯ ಚೀಲದಲ್ಲಿ ಅದು ಕೂತಿತ್ತು. ಅರಗಿನ ಮುದ್ರೆ ಒಡೆದಿರಲಿಲ್ಲ. ವಶ ಪಂಚನಾಮೆಯಲ್ಲಿ ಹೆಡ್ಡಮ್ಮನ ದುಂಡನೆಯ ಬರಹ: ಬಿಳಿ ಪ್ಲಾಸ್ಟಿಕ್ ಡಬ್ಬಿ, ಚೀಟಿ ಇಲ್ಲ, ಕತ್ತಿಗೆ ಏನೂ ಕಟ್ಟಿರುವುದಿಲ್ಲ, ಕಾಲು ಭಾಗ ದ್ರವ ಉಳಿದಿದೆ. ಅದರ ಹಿಂದಿನ ಹಾಳೆ ಒಂದು ಪತ್ರ. ವಿಧಿವಿಜ್ಞಾನ ಪ್ರಯೋಗಾಲಯದ ನಿರ್ದೇಶಕರಿಗೆ, ಡಬ್ಬಿಯಲ್ಲಿನ ದ್ರವ ಯಾವುದೆಂದೂ ಹಿಡಿಕೆಯ ಮೇಲಿರುವ ಬೆರಳಚ್ಚುಗಳು ಯಾರವೆಂದೂ ಪರೀಕ್ಷಿಸಿ ವರದಿ ನೀಡುವಂತೆ ಕೋರಿ ಬರೆದದ್ದು. ಕೆಳಗೆ ಅಧಿಕಾರಿಯ ಸಹಿಯ ಜಾಗ ಖಾಲಿ.

"ಹೋಗಲೇ ಇಲ್ವಾ ಇದು?"

"ಮೂರು ಸಲ ಮೇಜಿನ ಮೇಲಿಟ್ಟೆ ಸಾರ್. ಭಾವ ಭಾವಮೈದುನರ ಮಧ್ಯೆ ನಾವ್ಯಾಕೆ ಅಂತ ಆಗಿನ ಸಾಹೇಬರು ಮೂರು ಸಲಾನೂ ವಾಪಸ್ ಕೊಟ್ರು. ಆಮೇಲೆ ಫೈಲಿನೊಳಗೇ ಇಟ್ಟೆ. ಹರಿದು ಹಾಕೋಕೆ ಮನಸ್ಸು ಬರಲಿಲ್ಲ."

ಶುಕ್ರವಾರ ಬೆಳಗ್ಗೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಕರೆದೊಯ್ಯಬೇಕಿತ್ತು. ಕೇಸ್ ಡೈರಿಯ ಕೊನೆಯ ಕಂಡಿಕೆಯಲ್ಲಿ ಇನ್‌ಸ್ಪೆಕ್ಟರು ಹೀಗೆ ಬರೆದರು: ಆರೋಪಿಯು ಕೃತ್ಯವನ್ನು ಒಪ್ಪಿಕೊಂಡಿರುತ್ತಾರೆ. ಆಸ್ತಿಯ ವಿವಾದವಾಗಲಿ ಹಣದ ಆಸೆಯಾಗಲಿ ಕಂಡುಬಂದಿರುವುದಿಲ್ಲ. ಮೃತನಾದ ಗಂಡನಿಗೆ ಅಂಟಿಸಿದ ಒಂದು ಮಾತನ್ನು ಅಂಟಿಸಿದವನ ಬಾಯಿಂದಲೇ ತೆಗೆಸಬೇಕೆಂಬುದು ಕಾರಣವಾಗಿರುತ್ತದೆ. ಹಳೆಯ ಪ್ರಕರಣದ ಮರುತನಿಖೆಗೆ ನ್ಯಾಯಾಲಯದ ಅನುಮತಿ ಕೋರಿದ ಅರ್ಜಿಯನ್ನೂ ಅದರ ಜೊತೆಗಿಟ್ಟರು.

ನಂತರ ಆ ಹಳೆಯ ಪತ್ರದ ಮೇಲಿನ ದಿನಾಂಕವನ್ನು ಹೊಡೆದು ಹೊಸದು ಬರೆದು, ಖಾಲಿ ಜಾಗದಲ್ಲಿ ಸಹಿ ಹಾಕಿದರು. ಹೆಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಮಸಿ ಆರಿದ ಮೇಲೆ ಮಡಚಿ ಲಕೋಟೆಗೆ ಹಾಕಿದರು.

ಬೆಂಚಿನ ಮೇಲೆ ಕೂತಿದ್ದ ಹೆಂಗಸು ಕೇಳಿದರು, "ಪರೀಕ್ಷೆ ಮಾಡೋರು ಏನು ಹೇಳಬಹುದು ಸಾರ್?"

"ಗೊತ್ತಿಲ್ಲ ಅಮ್ಮ. ಎರಡು ವರ್ಷ ಆಗಿದೆ. ಬೆರಳಚ್ಚು ಉಳಿದಿದೆಯೋ ಇಲ್ವೋ."

"ಏನೂ ಬರದಿದ್ರೆ ಅವನು ತೊಳೆದಿರೋ ಇನ್ನೂ ಏಳು ಮನೆ ಬಾಕಿ ಇದಾವೆ."

"ಅದು ನನಗೆ ಕೇಳಿಸಲಿಲ್ಲ," ಎಂದರು ಹೆಡ್ಡಮ್ಮ, ಅರಗು ಕಾಯಿಸುತ್ತ.

ಲಕೋಟೆಯ ಮೇಲೆ ಅರಗು ಬಿತ್ತು, ಮುದ್ರೆ ಬಿತ್ತು. ರವಾನೆ ಪುಸ್ತಕದಲ್ಲಿ ಸಂಖ್ಯೆ ಬಿತ್ತು. ಕಾನ್‌ಸ್ಟೆಬಲ್ ಲಕೋಟೆಯನ್ನು ಒಳಜೇಬಿಗೆ ಸೇರಿಸಿ, ಚೀಲದಲ್ಲಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ಅವನು ಮೆಟ್ಟಿಲಿಳಿದು, ರಸ್ತೆ ದಾಟಿ, ಎಂಟೂವರೆಯ ಬಸ್ಸು ಹತ್ತಿ ಕೂರುವ ತನಕ ಆ ಹೆಂಗಸು ಕಿಟಕಿಯಿಂದ ನೋಡುತ್ತಲೇ ಇದ್ದರು. ಬಸ್ಸು ಹೊರಟಿತು.